ರಕ್ತಪಿಶಾಚಿಗೆ ಗುಂಡಿ ತೋಡಿದ ಚಿಕ್ಕತಿಮ್ಮಪ್ಪ

ಮತ್ತೋಡಿನ ಸುಡುಗಾಡಿನಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿದೆ, ಅದರಲ್ಲಿ ಬೃಂದಾ ಎಂಬ ಹೆಸರಾಂತ ಹಾಡುಗಾರ್ತಿ ರಕ್ತಪಿಶಾಚಿಯಾಗಿದ್ದಾಳೆ ಎಂಬ ಸುದ್ದಿ ಕೇಳಿ ಹೊಸದುರ್ಗದಿಂದ ಬೈಕ್ ಹತ್ತಿ ಹೋದ ಈ ಬರಹಗಾರನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ವಾರಪತ್ರಿಕೆಗೆ ಒಂದು ನಗೆಬರಹ ಗಿಟ್ಟಿದರೆ ಸಾಕು, ಮನೆಯಲ್ಲಿ ತೋರಿಸಿ ಬೀಗಲು ಒಂದು ಫೋಟೊ ಸಿಕ್ಕರೆ ಸಾಕು. ಬೃಂದಾ ಸಿಕ್ಕಳು. ಬಾಯಿಯ ಎರಡು ಕಡೆ ಕೋರೆಹಲ್ಲು, ನೆಲ ಗುಡಿಸುವ ಕಪ್ಪು ನಿಲುವಂಗಿ, ಬಿಸಿಲಿಗೆ ಹಿಡಿದ ಹೂವಿನ ಛತ್ರಿ. ಛತ್ರಿಯೂ ಪೂರ್ತಿ ಬರಲಿ ಎಂದು ಫೋನ್ ಎತ್ತಿಕೊಂಡು ಹಿಂದಕ್ಕೆ ಸರಿದ ಬರಹಗಾರ ಇನ್ನೊಂದು ಚೂರು ಸರಿದ. ಆಮೇಲೆ ಅವನು ಯಾರಿಗೂ ಕಾಣಿಸಲಿಲ್ಲ.

ಬಿದ್ದದ್ದು ಹೆಣ ಹೂಳುವ ಗುಂಡಿಗೆ. ಬಿದ್ದ ರೀತಿಯಾದರೂ ಗಂಭೀರವಾಗಿತ್ತೇ ಎಂದರೆ ಅದೂ ಇಲ್ಲ. ಗೋಡೆಗೆ ಬೆನ್ನು ಆನಿಸಿ, ಮಂಡಿ ಮಡಚಿ, ಮಠದ ಊಟಕ್ಕೆ ಪಂಕ್ತಿಯಲ್ಲಿ ಕುಳಿತವನ ಹಾಗೆ ಕುಳಿತುಬಿಟ್ಟಿದ್ದ. ಮೇಲೆ ಯಾರೋ "ಕಟ್!" ಎಂದು ಕೂಗಿದರು. ಇನ್ಯಾರೋ "ಇವ್ರು ನಮ್ಮ ಆರ್ಟಿಸ್ಟಾ?" ಎಂದು ಕೇಳಿದರು. ಆಗ ಗುಂಡಿಯ ಅಂಚಿನಲ್ಲಿ ಕೆಂಪು ಟವಲ್ ಸುತ್ತಿದ, ಬಿಳಿ ಕುರುಚಲು ಗಡ್ಡದ ಒಂದು ತಲೆ ಕಾಣಿಸಿಕೊಂಡಿತು.

"ಜೀವ ಐತೇನ್ರಿ?"

"ಐತೆ ಯಜಮಾನ್ರೆ."

"ಪೂರ್ತಿ ಐತಾ?"

ಬರಹಗಾರ ಕೈಕಾಲು ತಡವಿ ನೋಡಿಕೊಂಡು "ಪೂರ್ತಿ ಐತೆ" ಎಂದ.

ಕೇಳಿದ ಸಾಮಾನು ಅಂಗಡಿಯಲ್ಲಿ ಇಲ್ಲವೆಂದಾಗ ಗಿರಾಕಿ ಬಿಡುತ್ತಾನಲ್ಲ, ಅಂಥದೊಂದು ಉಸಿರು ಬಿಟ್ಟು ಆ ತಲೆ, "ಸರಿ ಬಿಡ್ರಿ, ಕೈ ಕೊಡ್ರಿ" ಎಂದಿತು.

ಅದು ಚಿಕ್ಕತಿಮ್ಮಪ್ಪನ ತಲೆ. ಒಬ್ಬ ಮನುಷ್ಯ ಬದುಕಿದ್ದಾನೆಂದು ಇನ್ನೊಬ್ಬ ಮನುಷ್ಯ ಅಷ್ಟು ಬೇಸರಪಟ್ಟುಕೊಂಡದ್ದು ಯಾಕೆ ಎಂಬುದು ಬರಹಗಾರನಿಗೆ ತಿಳಿದದ್ದು ಆಮೇಲೆ. ನಗೆಬರಹ ಅಲ್ಲಿಗೆ ಕೆಟ್ಟಿತು.

ಚಿಕ್ಕತಿಮ್ಮಪ್ಪ ಮತ್ತೋಡು ಸುತ್ತಲಿನ ಸತ್ತವರಿಗೆ ಗುಂಡಿ ತೋಡುವವನು. ಅವನಪ್ಪನೂ ಅದನ್ನೇ ಮಾಡುತ್ತಿದ್ದ. ಸಾವಿನ ಸುದ್ದಿ ಹೊತ್ತು ಬಂದವರನ್ನು ಅವನು ಯಾರು ಸತ್ತರು, ಹೇಗೆ ಸತ್ತರು ಎಂದು ಕೇಳುವುದಿಲ್ಲ. "ಕೂರೋರೋ, ಮಲಗೋರೋ?" ಎನ್ನುತ್ತಾನೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಕೆಲವರಲ್ಲಿ ಮಲಗಿಸಿ. ಕೂರುವವರಿಗೆ ಚೌಕದ ಆಳವಾದ ಗುಂಡಿ, ಒಳಗೆ ಒಂದು ಪಕ್ಕಕ್ಕೆ ಬೆನ್ನು ಒರಗುವಂಥ ಗೂಡು. ಮಲಗುವವರಿಗೆ ಉದ್ದದ ಗುಂಡಿ. ಉತ್ತರ ಸಿಕ್ಕ ಮೇಲೆ ಗುದ್ದಲಿ, ಹಾರೆ, ಬಾಂಡ್ಲಿ ಎತ್ತಿಕೊಂಡು ಹೊರಡುತ್ತಾನೆ. ಮತ್ತೋಡಿನ ಕೆಂಪು ನೆಲ ಅಗೆಯುವಾಗ ಒಮ್ಮೊಮ್ಮೆ ಹಳೆಯ ಗಾಜಿನ ಬಳೆಯ ಚೂರುಗಳು ಮೇಲೆ ಬರುತ್ತವೆ. ಅವನ್ನು ಆರಿಸಿ ಪಕ್ಕಕ್ಕಿಡುತ್ತಾನೆ, ಸತ್ತವರಿಗೆ ಚುಚ್ಚಬಾರದಂತೆ.

ಗುಂಡಿ ತೋಡುವುದಕ್ಕೂ ಕಟ್ಟಳೆಗಳಿದ್ದವು. ತೆರೆದ ಗುಂಡಿ ಹೊತ್ತು ಮುಳುಗುವುದರೊಳಗೆ ತುಂಬಬೇಕು. ಬಾಯಿಬಿಟ್ಟುಕೊಂಡು ಉಳಿದರೆ ಅದು ಊರಿನಲ್ಲಿ ಒಬ್ಬರನ್ನು ಕರೆಯುತ್ತದೆ ಎಂದು ಅವನಪ್ಪ ಹೇಳಿದ್ದ, ಅಪ್ಪನಿಗೆ ಅವನ ಅಪ್ಪ ಹೇಳಿದ್ದ. ಹಿಂದೊಮ್ಮೆ ಗುಂಡಿ ತೋಡಿದ ಮೇಲೆ ಸತ್ತವನ ಎರಡು ಸಂಸಾರಗಳು ಜಗಳವಾಡಿ ಹೆಣವನ್ನು ಹಿರಿಯೂರಿಗೆ ಸಾಗಿಸಿಬಿಟ್ಟವು. ಚಿಕ್ಕತಿಮ್ಮಪ್ಪ ಗುಂಡಿಗೆ ಹೆಣದ ಬದಲು ಒಂದು ಬೂದುಗುಂಬಳಕಾಯಿ ಇಳಿಸಿ, ಅರಿಸಿನ ಕುಂಕುಮ ಹಾಕಿ, ಮಣ್ಣೆಳೆದು ಬಂದ. ಗಂಡನಿಗಿಂತ ಕುಂಬಳಕಾಯಿಗೇ ಮರ್ಯಾದೆಯ ಮಣ್ಣು ಆಯಿತು ಎಂದು ಮೊದಲ ಹೆಂಡತಿ ಇಂದಿಗೂ ಹೇಳುವುದುಂಟು.

ಇನ್ನೊಂದು ಕಟ್ಟಳೆ, ತೋಡುವವನು ತನ್ನ ಮನೆಯ ಸಾವಿಗೆ ತೋಡುವಂತಿಲ್ಲ. ತೋಡುವುದನ್ನು ನೋಡುವಂತೆಯೂ ಇಲ್ಲ. ಅದಕ್ಕಾಗಿ ಅವನಿಗೂ ಹೊಸದುರ್ಗದ ಖಬರಸ್ತಾನದಲ್ಲಿ ಇದೇ ಕೆಲಸ ಮಾಡುತ್ತಿದ್ದ ಗೌಸ್ ಪೀರನಿಗೂ ಹಳೆಯ ಮಾತಿತ್ತು. ಚಿಕ್ಕತಿಮ್ಮಪ್ಪನ ತಾಯಿ ಹೋದಾಗ ಗೌಸ್ ಪೀರ್ ಬಸ್ಸಿನಲ್ಲಿ ಗುದ್ದಲಿ ಹಿಡಿದುಕೊಂಡು ಬಂದ. ಗೌಸ್ ಪೀರನ ಹೆಂಡತಿ ಖಾತುನ್ ಬೀ ಹೋದಾಗ ಚಿಕ್ಕತಿಮ್ಮಪ್ಪ ಹೋದ. ಕಳೆದ ಮಳೆಗಾಲ ಗೌಸ್ ಪೀರನೇ ಹೋದ. ಗೆಳೆಯನಿಗೆ ಮಣ್ಣೆಳೆದು ಊರಿಗೆ ಬಂದ ಚಿಕ್ಕತಿಮ್ಮಪ್ಪ ಹೆಂಡತಿಯ ಮುಂದೆ ಕುಳಿತು, "ಇನ್ನು ನಮ್ಮನೇಲಿ ಯಾರೂ ಸಾಯಂಗಿಲ್ಲ ನೋಡು ಈರಿ" ಎಂದಿದ್ದ.

"ಹಂಗಂತ ಬೋರ್ಡ್ ಬರೆಸಿ ಹಾಕು ಬಾಗ್ಲಿಗೆ" ಎಂದಿದ್ದಳು ಈರಕ್ಕ.

ಈರಕ್ಕನಿಗೆ ಹೃದಯದ ಕಾಯಿಲೆ. ಚಿತ್ರದುರ್ಗದ ಡಾಕ್ಟರು ಪರೀಕ್ಷೆ ಮಾಡಿ, ಹೃದಯ ದೊಡ್ಡದಾಗಿದೆ ಎಂದು ಗಂಡನಿಗೆ ಹೇಳುತ್ತಿದ್ದಾಗ ಪಕ್ಕದಲ್ಲಿ ಮಲಗಿದ್ದವಳು, "ಅದು ಮೊದ್ಲಿಂದಲೂ ದೊಡ್ಡದೇ ಸಾಮಿ, ಇಲ್ದಿದ್ರೆ ಇವನ್ನ ಇಷ್ಟು ದಿನ ಇಟ್ಕಂತಿದ್ನಾ" ಎಂದಳಂತೆ. ಡಾಕ್ಟರು ನಕ್ಕರು. ನಕ್ಕ ಮೇಲೆ ಗಂಡನನ್ನು ಹೊರಗೆ ಕರೆದು, ಆಯಾಸ ಮಾಡಿಸಬೇಡಿ, ಆದಷ್ಟು ಖುಷಿಯಾಗಿ ಇಟ್ಟುಕೊಳ್ಳಿ ಎಂದರು. ಆ ಮಾತಿನ ಅರ್ಥ ಏನೆಂದು ಚಿಕ್ಕತಿಮ್ಮಪ್ಪ ಯಾರನ್ನೂ ಕೇಳಲಿಲ್ಲ. ಅವನ ಕಸುಬಿನವನಿಗೆ ಅದನ್ನು ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಸಿನಿಮಾದವರು ಬಂದದ್ದು ಇಂಥ ಸಮಯದಲ್ಲಿ. ಫೋನಿನಲ್ಲಿ ಲಕ್ಷಾಂತರ ಜನ ಕೇಳುವ ಇಬ್ಬರು ಹಾಡುಗಾರರನ್ನು ಹಾಕಿಕೊಂಡು ಮಾಡುತ್ತಿದ್ದ ಚಿತ್ರ ಅದು. ಒಬ್ಬಳು ಬೃಂದಾ. ಇನ್ನೊಬ್ಬ ಹೊಳಲ್ಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರ ಮಗ ಮೋಹನ್‌ಕುಮಾರ್. ಪ್ರಸಿದ್ಧನಾದ ಮೇಲೆ ಮೋಕು. ಚಿತ್ರದ ಹೆಸರು ದಿನಕ್ಕೊಂದು ಸಲ ಬದಲಾಗುತ್ತಿತ್ತು, ಕತೆ ಮಾತ್ರ ಅದೇ. ಹಸಿದ ಎರಡು ರಕ್ತಪಿಶಾಚಿಗಳು ಒಂದು ಊರಿಗೆ ಬರುತ್ತವೆ. ಊರಿನಲ್ಲಿ ಅರ್ಧ ಜನಕ್ಕೆ ರಕ್ತಹೀನತೆ, ಇನ್ನರ್ಧಕ್ಕೆ ಸಕ್ಕರೆ ಕಾಯಿಲೆ. ಕುಡಿಯಲು ಒಬ್ಬರೂ ಲಾಯಕ್ಕಿಲ್ಲ. ಮಧ್ಯೆ ಮಧ್ಯೆ ಹೊಡೆದಾಟ, ಹೊಡೆದಾಟದ ಮಧ್ಯೆ ಹಾಡು. ರಾತ್ರಿಯ ದೃಶ್ಯಗಳನ್ನೆಲ್ಲ ಕ್ಯಾಮೆರಾಕ್ಕೆ ನೀಲಿ ಗಾಜು ಹಾಕಿ ನಡುಮಧ್ಯಾಹ್ನ ತೆಗೆಯುತ್ತಿದ್ದರು. ಬಿಸಿಲು ಬಿದ್ದರೆ ಭಸ್ಮವಾಗಬೇಕಾದ ಪಿಶಾಚಿಗಳು ಬೆವರಿಗೆ ಮುಖದ ಬಿಳಿ ಬಣ್ಣ ಇಳಿಸಿಕೊಂಡು ಎಳನೀರು ಕುಡಿಯುತ್ತ ನಿಂತಿರುತ್ತಿದ್ದವು.

ಪಂಚಾಯ್ತಿಯ ಮಾಜಿ ಸದಸ್ಯ ದೊಡ್ಡಪ್ಪ ಸಿನಿಮಾದವರಿಗೆ ಜಾಗ ಗೊತ್ತುಮಾಡಿಕೊಟ್ಟು, ಅವರ ಜೊತೆಗೇ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದ. ಅವನೇ ಸಹಾಯಕ ನಿರ್ದೇಶಕ ನಿರಂಜನನನ್ನು ಚಿಕ್ಕತಿಮ್ಮಪ್ಪನ ಮನೆಗೆ ಕರೆತಂದದ್ದು.

"ಒಂದು ಗುಂಡಿ ಬೇಕಿತ್ತು ತಿಮ್ಮಪ್ಪನೋರೆ" ಎಂದ ನಿರಂಜನ್.

"ಯಾರು ಹೋದ್ರು?"

"ಯಾರೂ ಹೋಗಿಲ್ಲ. ನಮ್ಮ ಹೀರೋ ಗುಂಡಿಯಿಂದ ಎದ್ದು ಬರಬೇಕು."

"ಯಾರೂ ಸಾಯ್ದೆ ನಾನು ಗುದ್ದಲಿ ಮುಟ್ಟಲ್ಲಪ್ಪ" ಎಂದುಬಿಟ್ಟ ಚಿಕ್ಕತಿಮ್ಮಪ್ಪ.

ಒಳಗಿನಿಂದ ಈರಕ್ಕ ಕೂಗಿದಳು. "ಇಗಾ, ಕೇಳಿಲ್ಲಿ. ಆ ಬೃಂದಾ ಅನ್ನೋ ಹುಡ್ಗಿ ಬರ್ತಾಳಾ ಕೇಳು." ಬೃಂದಾಳ ಹಾಡುಗಳನ್ನು ಅವಳು ಹಿರಿಯೂರಿಗೆ ಕೊಟ್ಟ ಮಗಳ ಹಳೆಯ ಫೋನಿನಲ್ಲಿ ಹಗಲೆಲ್ಲ ಕೇಳುತ್ತಿದ್ದಳು. ಬರುತ್ತಾಳೆ, ನಿಮ್ಮನ್ನು ಕುರ್ಚಿ ಹಾಕಿ ಕೂರಿಸುತ್ತೇನೆ ಎಂದ ನಿರಂಜನ್. ಡಾಕ್ಟರ ಮಾತು ಚಿಕ್ಕತಿಮ್ಮಪ್ಪನ ನೆನಪಿಗೆ ಬಂತು. ಹೊತ್ತು ಮುಳುಗುವುದರೊಳಗೆ ಮುಚ್ಚಿಬಿಡುತ್ತೇನೆ ಎಂಬ ಷರತ್ತು ಹಾಕಿ ಒಪ್ಪಿದ. ಒಪ್ಪಿದವನು ಅಭ್ಯಾಸಬಲದಿಂದ ಕೇಳಿದ.

"ನಿಮ್ಮೋರು ಮಲಗೋರೇನಪ್ಪ?"

ನಿರಂಜನ್ ಫೋನಿನಲ್ಲಿ ಇನ್ಯಾರಿಗೋ ಬೈಯುತ್ತಿದ್ದ. "ಮಲಗೋದೆಲ್ಲಿ ಬಂತು? ನಮ್ಮ ಪಿಶಾಚಿ ಮುನ್ನೂರು ವರ್ಷದಿಂದ ಮಲಗೇ ಇಲ್ಲ" ಎಂದು ಹೇಳಿ ಬೈಗುಳ ಮುಂದುವರಿಸಿದ.

ಮಲಗುವವರಲ್ಲ ಎಂದ ಮೇಲೆ ಕೂರುವವರೇ ಸರಿ. ಚಿಕ್ಕತಿಮ್ಮಪ್ಪ ಬೆಳಿಗ್ಗೆ ಎದ್ದು ಹೋಗಿ ಚೌಕದ ಗುಂಡಿ ತೋಡಿ, ಗೂಡು ಕೊರೆದು, ಗೂಡಿನ ಗೋಡೆಯನ್ನು ಅಂಗೈಯಲ್ಲಿ ನೀವಿ ನಯ ಮಾಡಿದ. ಬೆಂಗಳೂರಿನಿಂದ ಲಾರಿಯಲ್ಲಿ ಬಂದ ಆರಡಿ ಉದ್ದದ ಶವಪೆಟ್ಟಿಗೆ ಅದರೊಳಗೆ ಯಾವ ದಿಕ್ಕಿನಿಂದಲೂ ಇಳಿಯಲಿಲ್ಲ. ನಿರಂಜನ್ ತಲೆಯ ಮೇಲೆ ಕೈ ಹೊತ್ತ. ನಿರ್ದೇಶಕರು ಮಾತ್ರ ಗುಂಡಿಯನ್ನು ಸುತ್ತಿ ಸುತ್ತಿ ನೋಡಿ, ಮೋಕುವನ್ನು ಒಳಗೆ ಇಳಿಸಿ ಗೂಡಿನಲ್ಲಿ ಕೂರಿಸಿದರು. ಕೋರೆಹಲ್ಲು ಬಿಟ್ಟುಕೊಂಡು, ತೊಡೆಯ ಮೇಲೆ ಕೈಯಿಟ್ಟು, ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕುಳಿತ ಸಾಹುಕಾರನ ಹಾಗೆ ಕಾಣುತ್ತಿದ್ದ ಪಿಶಾಚಿಯನ್ನು ಕಂಡು ಎಲ್ಲರೂ ನಕ್ಕರು. ಪೆಟ್ಟಿಗೆಯಲ್ಲಿ ಮಲಗುವ ಪಿಶಾಚಿಯನ್ನು ಜನ ನೋಡಿದ್ದಾರೆ, ಇದೇ ಇರಲಿ ಎಂದರು ನಿರ್ದೇಶಕರು.

ಕೂತ ಪಿಶಾಚಿ ಏಳುವ ಹೊತ್ತಿಗೆ ಮೋಡ ಕವಿಯಿತು. ನಾಳೆ ತೆಗೆಯೋಣ ಎಂದರು. ನಾಳೆ ಮೋಕು ದುಬೈಯಲ್ಲಿ ಹಾಡಲು ಹೋಗಬೇಕಿತ್ತು. ಎರಡು ದಿನ ಎಂದು ಹೋದವನ ಕಾರ್ಯಕ್ರಮ ಅಲ್ಲಿ ಬೆಳೆಯುತ್ತಾ ಹೋಯಿತು. ಅರ್ಧ ತೆಗೆದ ದೃಶ್ಯ, ಗುಂಡಿಯ ಮಣ್ಣು ಒಂದು ಹೆಂಟೆಯೂ ಅಲುಗಬಾರದು ಎಂದು ನಿರ್ದೇಶಕರು ಅಪ್ಪಣೆ ಕೊಟ್ಟರು. ಗುಂಡಿಯ ಮೇಲೆ ನೀಲಿ ಟಾರ್ಪಲ್ ಬಿತ್ತು. ಬಿಸಿಲಿದ್ದಾಗ ಟಾರ್ಪಲ್ ತೆಗೆದು ಬೃಂದಾಳ ದೃಶ್ಯಗಳನ್ನು ಅಕ್ಕಪಕ್ಕ ತೆಗೆಯುತ್ತಿದ್ದರು.

ಚಿಕ್ಕತಿಮ್ಮಪ್ಪ ಮೊದಲ ಸಂಜೆಯೇ ಒಂದು ಬೂದುಗುಂಬಳಕಾಯಿ ತಂದು ಗುಂಡಿಯಲ್ಲಿಟ್ಟು ಕೈಮುಗಿದು ಬಂದ. ತುಂಬಲು ಬಿಡದಿದ್ದರೆ ಹೋಗಲಿ, ಸದ್ಯಕ್ಕೆ ಇದನ್ನು ಇಟ್ಟುಕೊಂಡಿರು ಎಂದು ಅದಕ್ಕೆ ಸಮಾಧಾನ ಹೇಳಿದ ಹಾಗೆ. ಮರುದಿನ ಕಾಯಿ ಇರಲಿಲ್ಲ. ಇನ್ನೊಂದು ಇಟ್ಟ, ಅದೂ ಇರಲಿಲ್ಲ. ಗುಂಡಿ ಒಪ್ಪಿಕೊಂಡಿತೇನೋ ಎಂದು ಅವನ ಜೀವ ಒಂದಿಷ್ಟು ಹಗುರಾಯಿತು. ಮಧ್ಯಾಹ್ನ ಸಿನಿಮಾದವರ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಎಲೆಗೆ ಮಜ್ಜಿಗೆಹುಳಿ ಬಂತು. ಹೋಳು ಬಾಯಿಗಿಡುವಾಗ ಯಾವ ಕಾಯಿ ಎಂದು ಅಡುಗೆಯವನನ್ನು ಕೇಳಿದ.

"ಬೂದುಗುಂಬಳ. ಯಾರೋ ಪುಣ್ಯಾತ್ಮರು ದಿನಾ ಗುಂಡೀಲಿ ತಂದಿಡ್ತಾರೆ" ಎಂದ ಅಡುಗೆಯವನು.

ಚಿಕ್ಕತಿಮ್ಮಪ್ಪ ಎದ್ದು ಕೈ ತೊಳೆದುಕೊಂಡ. ಗುಂಡಿಯ ಪಾಲನ್ನು ಐವತ್ತು ಜನ ಕೂಡಿ ತಿಂದಿದ್ದರು. ಅವರಲ್ಲಿ ತಾನೂ ಒಬ್ಬನಾಗಿದ್ದ.

ಗುಂಡಿ ಬಾಯಿಬಿಟ್ಟುಕೊಂಡೇ ಇದೆ ಎಂಬ ಸುದ್ದಿ ಊರಿಗೆ ಹಬ್ಬಿದ ಮೇಲೆ ಜನಕ್ಕೆ ಬೇರೆ ಮಾತೇ ಉಳಿಯಲಿಲ್ಲ. ದೊಡ್ಡಪ್ಪನ ಎಮ್ಮೆ ಸತ್ತಾಗ, ಅದನ್ನು ಗುಂಡಿಯ ಲೆಕ್ಕಕ್ಕೆ ಹಿಡಿಯಬಹುದೇ ಎಂದು ಟೀ ಅಂಗಡಿಯಲ್ಲಿ ಚರ್ಚೆ ನಡೆದು, ಎಮ್ಮೆಯನ್ನು ಕೂರಿಸುವುದೂ ಇಲ್ಲ ಮಲಗಿಸುವುದೂ ಇಲ್ಲವಾದ್ದರಿಂದ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಯಿತು. ಊರಿಗೆಲ್ಲ ಹಿರಿಯಳಾದ ತಿಪ್ಪಕ್ಕ, ಗುಂಡಿ ತನ್ನ ಹೆಸರು ಹಿಡಿದು ಕರೆಯುತ್ತಿದೆ ಎಂದು ಹಾಸಿಗೆ ಹಿಡಿದು, ಹೊಳಲ್ಕೆರೆಯಿಂದ ನೆಂಟರನ್ನೆಲ್ಲ ಕರೆಸಿಕೊಂಡು, ಕೊನೆಯ ಆಸೆ ಎಂದು ದಿನಕ್ಕೊಂದು ಬಗೆಯ ಹೋಳಿಗೆ ಮಾಡಿಸಿಕೊಂಡು ತಿಂದಳು. ಬರಹಗಾರ ಗುಂಡಿಗೆ ಬಿದ್ದದ್ದು ಈ ದಿನಗಳಲ್ಲೇ. ಆ ಅರ್ಧ ಗಳಿಗೆ ಊರಿಗೆ ಊರೇ ಆಸೆಗಣ್ಣಿನಿಂದ ನೋಡಿತ್ತಂತೆ. ಪೂರ್ತಿ ಜೀವದೊಂದಿಗೆ ಎದ್ದು ಬಂದ ಮೇಲೆ ಒಬ್ಬಿಬ್ಬರು ಅವನಿಗೆ ಟೀ ಕೊಡಿಸಿ, ನಿಮ್ಮ ಮೇಲೆ ಬೇಜಾರಿಲ್ಲ ಬಿಡ್ರಿ ಎಂದು ಸಮಾಧಾನ ಹೇಳಿದರು. ಊರಿಗೆ ಉಪಕಾರ ಮಾಡುವ ಒಂದೇ ಒಂದು ಅವಕಾಶ ಬರಹಗಾರನ ಕೈತಪ್ಪಿತ್ತು.

ಚಿಕ್ಕತಿಮ್ಮಪ್ಪ ಆ ಚರ್ಚೆಗಳಿಗೆ ಹೋಗುತ್ತಿರಲಿಲ್ಲ. ಗುಂಡಿಯ ಅಂಚಿನಲ್ಲಿ ಕುಳಿತಿರುತ್ತಿದ್ದ. ಈರಕ್ಕನ ಕಾಲು ಊದಿಕೊಂಡಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬು ಪೇರಿಸಿ ಒರಗಿಸಬೇಕಿತ್ತು. ಅವಳು ಹಾಗೆ ಒರಗಿ ಕುಳಿತದ್ದನ್ನು ನೋಡುವಾಗೆಲ್ಲ ಅವನಿಗೆ ತಾನು ಅಂಗೈಯಲ್ಲಿ ನೀವಿದ ಗೂಡಿನ ಗೋಡೆ ನೆನಪಾಗುತ್ತಿತ್ತು. ಊರು ಯಾರ್ಯಾರನ್ನೋ ಎಣಿಸುತ್ತಿತ್ತು. ಅವನ ಎಣಿಕೆಯಲ್ಲಿದ್ದದ್ದು ಒಬ್ಬಳೇ.

ಒಂದು ಬೆಳಿಗ್ಗೆ ಅವನಿಗೆ ತಡೆಯಲಾಗಲಿಲ್ಲ. ಸಲಿಕೆ ತಂದು ಟಾರ್ಪಲ್ ಎಳೆದೆಸೆದು ಮಣ್ಣು ತಳ್ಳತೊಡಗಿದ. ನಿರಂಜನ್ ಓಡಿಬಂದು ಸಲಿಕೆಗೆ ಜೋತುಬಿದ್ದ.

"ನನ್ನ ಕೆಲಸ ಹೋಗುತ್ತೆ ತಿಮ್ಮಪ್ಪನೋರೆ! ಮೋಕು ಶುಕ್ರವಾರ ಬರ್ತಾರೆ, ದಮ್ಮಯ್ಯ!"

"ನಿನ್ನ ಕೆಲ್ಸ ಹೋದ್ರೆ ಇನ್ನೊಂದು ಸಿಗ್ತೈತೆ. ಬಿಡಪ್ಪ ಕೈನ."

ಈರಕ್ಕ ಅಲ್ಲೇ ಇದ್ದಳು. ಕೊಟ್ಟ ಮಾತಿನಂತೆ ನಿರಂಜನ್ ಅವಳನ್ನು ಬೆಳಿಗ್ಗೆ ಆಟೊದಲ್ಲಿ ಕರೆಸಿ, ನಿರ್ದೇಶಕರ ಕುರ್ಚಿಯಲ್ಲೇ ಕೂರಿಸುತ್ತಿದ್ದ. ಬೃಂದಾ ಬಿಡುವಾದಾಗ ಬಂದು ಅವಳ ಪಕ್ಕ ನೆಲದ ಮೇಲೆ ಕುಳಿತು ಕೋರೆಹಲ್ಲು ತೆಗೆದಿಟ್ಟು ಮೆಲ್ಲಗೆ ಹಾಡುತ್ತಿದ್ದಳು. ಈರಕ್ಕ ಹಾಡು ನಿಲ್ಲಿಸುವಂತೆ ಅವಳ ಭುಜ ತಟ್ಟಿ, ಗಂಡನನ್ನು ನೋಡಿದಳು.

"ಇಗಾ, ಏನು ಮಾಡ್ತಿದೀಯ?"

"ಕಾಣಲ್ವಾ? ಮುಚ್ತಿದೀನಿ."

"ಯಾಕೆ?"

ನಿನ್ನನ್ನು ಕರೆಯುತ್ತದೆ ಎಂದು ಹೆಂಡತಿಯ ಮುಖ ನೋಡಿ ಹೇಳುವುದು ಹೇಗೆ? ಅವನು ನಿರಂಜನನ ಕೈಯಿಂದ ಸಲಿಕೆ ಕಿತ್ತುಕೊಂಡ. ಈರಕ್ಕ ಉಸಿರು ಕೂಡಿಸಿಕೊಂಡು ಮಾತಾಡಿದಳು.

"ನಿನ್ನ ಕೈಹಿಡಿದಾಗಿಂದ ಗುಂಡಿಗೆ ಇಳಿಸೋರನ್ನೇ ನೋಡೀನಿ ನಾನು. ಒಬ್ರಾದ್ರೂ ಎದ್ದು ಬರೋದು ನೋಡ್ಲಿಲ್ಲ. ಆ ಹುಡ್ಗ ಎದ್ದು ಬರ್ತಾನಂತೆ. ನೋಡಾಣ ಬಿಡು."

"ಸುಳ್ಳು ಕಣೆ ಅದು. ಸಿನಿಮಾ."

"ಸುಳ್ಳೇ ನೋಡ್ತೀನಿ. ನಿಂಗೇನು ಕಷ್ಟ?"

ಚಿಕ್ಕತಿಮ್ಮಪ್ಪ ಸಲಿಕೆ ಬಿಟ್ಟ. ತಳ್ಳಿದ ಮಣ್ಣನ್ನು ತಾನೇ ಗುಂಡಿಗಿಳಿದು ಬಾಂಡ್ಲಿಯಲ್ಲಿ ತುಂಬಿ ಮೇಲಕ್ಕೆ ಕೊಟ್ಟ.

ಮೋಕು ಶುಕ್ರವಾರ ಬಂದ. ಬಿಸಿಲು ಏರುವ ಮುಂಚೆಯೇ ಇಬ್ಬರು ಹಾಡುಗಾರರೂ ಮುಖಕ್ಕೆ ಬಿಳಿ ಬಳಿಸಿಕೊಂಡು, ಹಲ್ಲು ಕಟ್ಟಿಸಿಕೊಂಡು ಸಿದ್ಧರಾದರು. ಈರಕ್ಕನನ್ನು ಕರೆತರಲು ಹೋದ ಆಟೊ ಖಾಲಿ ಬಂತು. ಸೀರೆ ಉಟ್ಟು, ತಲೆ ಬಾಚಿಕೊಂಡು, ದಿಂಬಿಗೊರಗಿ ಆಟೊ ಕಾಯುತ್ತಿದ್ದವಳು ಗಂಡ ಒಳಗಿನಿಂದ ಚಪ್ಪಲಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಊರಿನವರು ಬಂದು ಅಂಗಳದಲ್ಲಿ ಸೇರಿದರು.

ಮಗಳು ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಈಗ ಗುಂಡಿಯ ಮಾತು ಎದ್ದಿತು. ಚಿಕ್ಕತಿಮ್ಮಪ್ಪ ತೋಡುವಂತಿಲ್ಲ. ಗೌಸ್ ಪೀರ್ ಇಲ್ಲ. ಜೆಸಿಬಿ ತರಿಸೋಣವೆಂದರೆ ಸುಡುಗಾಡಿನ ಓಣಿಯಲ್ಲಿ ಸಿನಿಮಾದವರ ಜನರೇಟರ್ ಲಾರಿ ಚಕ್ರ ಹೂತುಕೊಂಡು ಅಡ್ಡ ನಿಂತಿತ್ತು. ಗಂಡಸರು ಗುದ್ದಲಿಯ ಸುತ್ತ ನಿಂತು ಗುದ್ದಲಿಯನ್ನೇ ನೋಡಿದರು. ಒಂದು ಬಾಯಿ ತೆರೆದದ್ದಕ್ಕೇ ಒಬ್ಬಳು ಹೋದಳು, ಪಕ್ಕದಲ್ಲಿ ಇನ್ನೊಂದನ್ನು ತೆರೆಯುವ ಕೈ ಯಾರದು? ಕೊನೆಗೆ ದೊಡ್ಡಪ್ಪ ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಗಂಟಲು ಸರಿಮಾಡಿಕೊಂಡ.

"ತಪ್ಪು ತಿಳ್ಕಬೇಡ ಚಿಕ್ಕತಿಮ್ಮಣ್ಣ. ತೋಡಿರೋ ಗುಂಡಿ ಐತಲ್ಲ. ಅದಕ್ಕೇ ಇಳಿಸಿಬಿಡಾಣ. ಅದರ ಬಾಯೂ ಮುಚ್ಚಿದಂಗಾಗ್ತೈತೆ."

ಅಲ್ಲಿದ್ದವರೆಲ್ಲ ಅದನ್ನೇ ಯೋಚಿಸುತ್ತಿದ್ದರು. ಹೇಳಿದವನು ಒಬ್ಬ ಅಷ್ಟೆ. ಚಿಕ್ಕತಿಮ್ಮಪ್ಪ ಹೆಂಡತಿಯ ತಲೆಯ ಹತ್ತಿರ ಕುಳಿತಿದ್ದವನು ಎದ್ದ. ಹೊಡೆಯುತ್ತಾನೆಂದು ದೊಡ್ಡಪ್ಪ ಹಿಂದಕ್ಕೆ ಸರಿದ.

"ಅದು ಕೂರೋರ ಗುಂಡಿ" ಎಂದ ಚಿಕ್ಕತಿಮ್ಮಪ್ಪ. ದನಿ ಏರಿರಲಿಲ್ಲ. "ನಮ್ಮೋಳು ಮಲಗೋಳು. ಇಷ್ಟು ದಿನ ದಿಂಬಿಗೆ ಒರಗಿ ಕುಂತೇ ಉಸ್ರು ಎಳೆದವ್ಳೆ. ಈಗಾದ್ರೂ ಬೆನ್ನು ಚಾಚಿ ಮಲಗ್ಲಿ."

ಬಾಗಿಲಲ್ಲಿ ನಿಂತಿದ್ದ ಮೋಕು ಒಳಗೆ ಬಂದ. ಸುದ್ದಿ ಕೇಳಿದವನೇ ವೇಷ ಬಿಚ್ಚದೆ ಬೃಂದಾಳ ಜೊತೆ ಓಡಿಬಂದಿದ್ದ. ಕೋರೆಹಲ್ಲು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, "ನಾವು ತೋಡ್ತೀವಿ ಯಜಮಾನ್ರೆ. ಹೆಂಗೆ ಅಂತ ಹೇಳ್ರಿ" ಎಂದ.

"ನೀನು ಗುದ್ದಲಿ ಹಿಡಿದಿದೀಯೇನಪ್ಪ?"

"ಪೈಪ್‌ಲೈನಿಗೆ ಅಪ್ಪನ ಜೊತೆ ಅಗೆದಿದ್ದೆ. ಮರ್ತೋಗೈತೆ."

ನಡುಮಧ್ಯಾಹ್ನ ಎರಡು ರಕ್ತಪಿಶಾಚಿಗಳು ಮತ್ತೋಡಿನ ಸುಡುಗಾಡಿನಲ್ಲಿ ಗುಂಡಿ ತೋಡಿದವು. ಮೋಕು ಅಗೆದ, ಬೃಂದಾ ನಿಲುವಂಗಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಾಂಡ್ಲಿಯಲ್ಲಿ ಮಣ್ಣು ಹೊತ್ತು ಹಾಕಿದಳು. ಉಗುರು ಮುರಿದು ರಕ್ತ ಬಂತು; ಮುಖದ ಮೇಲೆ ಬಳಿದ ಬಣ್ಣದ ರಕ್ತದ ಪಕ್ಕ ಇದು ಸಪ್ಪೆಯಾಗಿ ಕಂಡಿತು. ಚಿಕ್ಕತಿಮ್ಮಪ್ಪ ಕಟ್ಟಳೆಯಂತೆ ಅವರಿಗೆ ಬೆನ್ನು ಮಾಡಿ ಒಂದು ಕಲ್ಲಿನ ಮೇಲೆ ಕುಳಿತಿದ್ದ. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಗಳನ್ನು ನೋಡುತ್ತ, ಗುದ್ದಲಿಯ ಸದ್ದು ಕೇಳಿಯೇ ಹೇಳುತ್ತಿದ್ದ.

"ಕಲ್ಲು ತಗಲ್ತು. ಹಾರೆ ತಗಾ. ಎಡಕ್ಕೆ ಮೀಟು."

"ಬಂತು ಯಜಮಾನ್ರೆ."

"ತಲೆ ಕಡೆ ಇನ್ನೊಂದು ಚೂರು ಇಳೀಲಿ. ಅವಳು ತಲೆ ಎತ್ತರ ಆದ್ರೆ ಕೊಸರಾಡ್ತಾಳೆ." ಆಮೇಲೆ, ಬೆನ್ನು ತಿರುಗಿಸಿಕೊಂಡೇ, "ಬಳೆ ಚೂರು ಬಂದ್ರೆ ಆರಿಸವ್ವ" ಎಂದ.

ಬೃಂದಾ ಮಣ್ಣಿನಲ್ಲಿ ಕೈಯಾಡಿಸಿ ಹುಡುಕಿದಳು.

ಹೆಣ ಹೊತ್ತು ಬಂದ ಊರಿನವರು ಗುಂಡಿಯ ಅಂಚಿನಲ್ಲಿ ಕಂಡದ್ದು ಕಪ್ಪು ನಿಲುವಂಗಿ ತೊಟ್ಟು, ಬೆವರಿಗೆ ಬಿಳಿ ಬಣ್ಣ ಕರಗಿ ಕುತ್ತಿಗೆಗಿಳಿದಿದ್ದ ಎರಡು ಮುಖಗಳನ್ನು. ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಮಗಳು ಬಂದು ಮುಖ ನೋಡಿದ ಮೇಲೆ ಈರಕ್ಕನನ್ನು ಉದ್ದಕ್ಕೆ ಮಲಗಿಸಿದರು. ಬೃಂದಾ ಒಂದು ಹಿಡಿ ಮಣ್ಣು ಹಾಕಿದಳು.

ಮಣ್ಣೆಳೆದು ಮುಗಿಯುತ್ತಿದ್ದಂತೆ ಊರಿನವರ ಮುಖದಲ್ಲಿ ಏನೋ ಸಡಿಲವಾದದ್ದು ಚಿಕ್ಕತಿಮ್ಮಪ್ಪನಿಗೆ ಕಾಣಿಸಿತು. ನಿರಾಳವಾಗಿ ಉಸಿರಾಡತೊಡಗಿದ್ದರು. ಗುಂಡಿ ಕೇಳಿದ್ದು ಗುಂಡಿಗೆ ಸಿಕ್ಕಿತ್ತು, ತಮ್ಮ ಮನೆ ಉಳಿದಿತ್ತು. ಹಾಸಿಗೆ ಹಿಡಿದಿದ್ದ ತಿಪ್ಪಕ್ಕ ಅಂದೇ ಸಂಜೆ ಎದ್ದು ನಡೆದು ಬಂದು, ಸಾವಿನ ಮನೆಯ ಜಗಲಿಯಲ್ಲಿ ಕುಳಿತು, ಟೀ ಕುಡಿದು, "ಪುಣ್ಯಾತ್ಗಿತ್ತಿ, ನನ್ನ ಬದ್ಲು ಹೋದ್ಲು" ಎಂದು ಕಣ್ಣೊರೆಸಿಕೊಂಡಳು. ಇನ್ನೊಂದು ಲೋಟ ಟೀ ಕೇಳಿದಳು. ಬೀದಿಯ ತುದಿಯಲ್ಲಿ, ಸಿನಿಮಾದವರ ಕಾಸಿಗೆ ಆಸೆಬಿದ್ದು ಹೆಂಡತಿಯನ್ನೇ ಕೊಟ್ಟ ಎಂಬ ಮಾತೂ ಹುಟ್ಟಿಕೊಂಡಿತ್ತು. ಅದನ್ನು ಹುಟ್ಟಿಸಿದವನು ಕಪ್ಪು ಕನ್ನಡಕ ಹಾಕುತ್ತಿದ್ದ ಎಂಬುದಷ್ಟೇ ಬರಹಗಾರನಿಗೆ ಗೊತ್ತು.

ಮೂರನೆಯ ದಿನ ಈರಕ್ಕನಿಗೆ ಹಾಲುತುಪ್ಪ ಬಿಟ್ಟು ಚಿಕ್ಕತಿಮ್ಮಪ್ಪ ಶೂಟಿಂಗಿನವರ ಹತ್ತಿರ ಬಂದ. ನಿರ್ದೇಶಕರು ಆ ದೃಶ್ಯವನ್ನೇ ಕೈಬಿಟ್ಟು ಗಂಟುಮೂಟೆ ಕಟ್ಟಿಸುತ್ತಿದ್ದರು.

"ತಗೀರಿ ಅದನ್ನ" ಎಂದ. "ನೋಡ್ಬೇಕು ಅಂತಿದ್ಲು."

ಮೋಕು ಗುಂಡಿಗಿಳಿದು ಗೂಡಿನಲ್ಲಿ ಕುಳಿತ. ಕ್ಯಾಮೆರಾ ಓಡಿತು. ಕತೆಯ ಪ್ರಕಾರ ಅವನು ಆಕಳಿಸಿ, ಮೈಮುರಿದು, ಹಸಿವು ಎನ್ನುತ್ತ ಎದ್ದು ಬರಬೇಕು, ಜನ ನಗಬೇಕು. ಅವನು ಎದ್ದು ಬಂದ. ಯಾರೂ ನಗಲಿಲ್ಲ. ಒಂದೇ ಸಲಕ್ಕೆ ಸಾಕು ಎಂದರು ನಿರ್ದೇಶಕರು. ಚಿಕ್ಕತಿಮ್ಮಪ್ಪ ಈರಕ್ಕ ಕೂರುತ್ತಿದ್ದ ಕುರ್ಚಿಯ ಪಕ್ಕ ನಿಂತು ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಸಲಿಕೆ ತೆಗೆದುಕೊಂಡು, ಕುಂಬಳಕಾಯಿಯನ್ನೂ ಇಡದೆ, ಗುಂಡಿ ಮುಚ್ಚಿದ.

ಸಿನಿಮಾ ಹೊಸದುರ್ಗಕ್ಕೂ ಬಂದು ಹೋಯಿತು. ಗುಂಡಿಯ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕರು. ನಗೆಬರಹ ಬರೆಯಲಾಗದೆ ಉಳಿದಿದ್ದ ಬರಹಗಾರ ಒಂದು ದಿನ ಮತ್ತೋಡಿಗೆ ಹೋದ. ಚಿಕ್ಕತಿಮ್ಮಪ್ಪ ಸುಡುಗಾಡಿನಲ್ಲಿ ಯಾರಿಗೋ ಗುಂಡಿ ತೋಡುತ್ತ ಎದೆಮಟ್ಟ ಇಳಿದಿದ್ದ. ಈ ಸಲ ಬರಹಗಾರ ಅಂಚಿನಿಂದ ದೂರವೇ ಕುಳಿತ. ಊರೆಲ್ಲ ಬೆನ್ನ ಹಿಂದೆ ಆಡುವುದನ್ನು ಎದುರಿಗೆ ಕೇಳಿದವರು ಯಾರೂ ಇರಲಿಲ್ಲ. ಮಾತಿನಲ್ಲಿ ನಯ ಇಲ್ಲದ ಬರಹಗಾರ ಕೇಳಿಯೇಬಿಟ್ಟ.

"ಯಜಮಾನ್ರೆ, ಆ ಗುಂಡಿ ಕರೆದಿದ್ದಕ್ಕೇ ಈರಕ್ಕ ಹೋದ್ರು ಅಂತ ನೀವೂ ಅಂತೀರಾ?"

ಚಿಕ್ಕತಿಮ್ಮಪ್ಪ ಗುದ್ದಲಿಗೆ ಹತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದು ಹಾಕಿದ.

"ಗುಂಡಿ ಕರೆದ್ರೆ ಹೋಗೋಳಲ್ಲ ಬಿಡ್ರಿ ಅವಳು. ನಾನು ಕರೆದ್ರೇ ಬರ್ತಿರ್ಲಿಲ್ಲ."